ಪಂಡಿತಾ ರಮಾಬಾಯಿಯವರ ಮತಾಂತರ ಮತ್ತು ಕ್ರೈಸ್ತ ಜೀವನ

ಪಂಡಿತಾ ರಮಾಬಾಯಿ (23 ಏಪ್ರಿಲ್ 1858 – 5 ಏಪ್ರಿಲ್ 1922) ಸಂಸ್ಕೃತ ವಿದುಷಿ, ಸಮಾಜ ಸುಧಾರಕಿ ಮತ್ತು ಬೈಬಲಿನ ಮರಾಠಿ ಭಾಷಾಂತರಕಾರ್ತಿ. ಚಿತ್ಪಾವನ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ಇವರು 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತ ಮತವನ್ನು ಸ್ವೀಕರಿಸಿದರು. ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ಅತಿ ಹೆಚ್ಚು ಚರ್ಚೆಗೆ ಒಳಗಾದ ಮತಾಂತರಗಳಲ್ಲಿ ಇದೂ ಒಂದು. ದೀಕ್ಷಾಸ್ನಾನದ ದಿನವನ್ನೇ ಅವರ ಮತಾಂತರದ ದಿನವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಆದರೆ ಅವರ ಸ್ವಂತ ಬರಹಗಳ ಪ್ರಕಾರ ಅದು ಅದಕ್ಕೂ ಮೊದಲೇ ಆರಂಭವಾಗಿ, ದೀಕ್ಷಾಸ್ನಾನದ ನಂತರವೂ ಹಲವು ವರ್ಷ ಮುಂದುವರಿದ ಪ್ರಕ್ರಿಯೆ. ಹಿಂದೂ ಸಮಾಜದೊಡನೆ ಎಷ್ಟು ವಾದಿಸಿದರೋ ತಮಗೆ ದೀಕ್ಷೆ ಕೊಟ್ಟ ಚರ್ಚಿನೊಡನೆಯೂ ಅಷ್ಟೇ ವಾದಿಸಿದರು ಎಂಬುದು ಅವರ ಧಾರ್ಮಿಕ ಜೀವನದ ವಿಶೇಷ. ಈ ಲೇಖನವು ಅವರ ಬದುಕಿನ ಆ ಮುಖವನ್ನು ಕುರಿತದ್ದು.

ಹಿನ್ನೆಲೆ

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಸಮೀಪದ ಮಾಳ ಗ್ರಾಮದ ಕಡೆಯವರು. ವಿದ್ಯಾರ್ಥಿಯಾಗಿ ಪುಣೆಯಲ್ಲಿದ್ದಾಗ, ತಮ್ಮ ಗುರುಗಳು ಪೇಶ್ವೆಯ ಅರಮನೆಯಲ್ಲಿ ರಾಣಿಯೊಬ್ಬರಿಗೆ ಸಂಸ್ಕೃತ ಪಾಠ ಹೇಳುತ್ತಿದ್ದುದನ್ನು ಕಂಡಿದ್ದರು. ಹೆಂಗಸೂ ಸಂಸ್ಕೃತ ಕಲಿಯಬಹುದೆಂಬ ವಿಚಾರ ಅಂದೇ ಅವರ ಮನಸ್ಸಿನಲ್ಲಿ ಬೇರೂರಿತು. ಮುಂದೆ ಎಳೆಯ ವಯಸ್ಸಿನ ಪತ್ನಿ ಲಕ್ಷ್ಮೀಬಾಯಿಗೆ ಅವರು ಸಂಸ್ಕೃತ ಕಲಿಸತೊಡಗಿದಾಗ ಸಮುದಾಯದವರು ಆಕ್ಷೇಪಿಸಿದರು. ಉಡುಪಿಯಲ್ಲಿ ಸೇರಿದ ವಿದ್ವಾಂಸರ ಸಭೆಯ ಮುಂದೆ ಅವರು ಶಾಸ್ತ್ರಾಧಾರಗಳನ್ನು ಇಟ್ಟು, ವೇದಗಳನ್ನು ಬಿಟ್ಟು ಉಳಿದ ಗ್ರಂಥಗಳನ್ನು ಸ್ತ್ರೀಯರು ಓದುವುದಕ್ಕೆ ಅಡ್ಡಿಯಿಲ್ಲವೆಂದು ವಾದಿಸಿದರೆಂದು ರಮಾಬಾಯಿ ಬರೆದಿದ್ದಾರೆ. ಊರಿನ ತಕರಾರುಗಳಿಂದ ದೂರ ಉಳಿಯಲು ಕುಟುಂಬವು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ನೆಲೆಸಿತು. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಆ ಕಾಡಿನಲ್ಲಿಯೇ ರಮಾಬಾಯಿ ಜನಿಸಿದರು.

ಮಗು ಆರು ತಿಂಗಳಿನದಾಗಿದ್ದಾಗ ಕುಟುಂಬವು ಗಂಗಾಮೂಲವನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಅಲ್ಲಿಂದ ಮುಂದೆ ಅವರಿಗೆ ಸ್ಥಿರವಾದ ಮನೆ ಇರಲಿಲ್ಲ. ದೇವಾಲಯಗಳಲ್ಲಿ, ನದೀತೀರಗಳಲ್ಲಿ ಪುರಾಣ ಪ್ರವಚನ ಮಾಡುವುದು, ಕೇಳುಗರು ಕೊಟ್ಟ ಕಾಣಿಕೆಯಲ್ಲಿ ಜೀವನ ಸಾಗಿಸುವುದು, ಉಳಿದದ್ದನ್ನು ದಾನ ಮಾಡುವುದು ಅವರ ಕ್ರಮವಾಗಿತ್ತು. ರಮಾಬಾಯಿಗೆ ಪಾಠ ಹೇಳಿದವರು ತಾಯಿ. ಹದಿಹರೆಯದಲ್ಲಿಯೇ ಅವರಿಗೆ ಭಾಗವತದ 18,000 ಶ್ಲೋಕಗಳು ಬಾಯಿಗೆ ಬಂದಿದ್ದವು. ಅಲೆದಾಟದಿಂದಾಗಿ ಮರಾಠಿಯ ಜೊತೆಗೆ ಕನ್ನಡ, ಹಿಂದಿ ಮುಂತಾದ ಭಾಷೆಗಳ ಪರಿಚಯವೂ ಆಯಿತು.

1870ರ ದಶಕದ ಬರಗಾಲ ಈ ಬದುಕನ್ನು ಮುರಿಯಿತು. ಕೈಯಲ್ಲಿದ್ದ ಹಣವನ್ನೆಲ್ಲ ದೇವರ ಕೃಪೆಗಾಗಿ ಜಪ, ತಪ, ದಾನಗಳಿಗೆ ವಿನಿಯೋಗಿಸಿದ ಬಳಿಕ ತಿನ್ನಲು ಏನೂ ಉಳಿಯಲಿಲ್ಲ. ಕಾಡಿನಲ್ಲಿ ಎಲೆ ತಿಂದು, ನೀರು ಕುಡಿದು ದಿನಗಳನ್ನು ಕಳೆದರು. ಮೊದಲು ತಂದೆ, ಅನಂತರ ತಾಯಿ, ಬಳಿಕ ಅಕ್ಕ ತೀರಿಕೊಂಡರು. ತಾಯಿಯ ಶವವನ್ನು ಹೊರಲು ಇಬ್ಬರು ಬ್ರಾಹ್ಮಣರು ಮಾತ್ರ ಮುಂದೆ ಬಂದರು. ಮೂರನೆಯವನಾಗಿ ಅಣ್ಣ ಶ್ರೀನಿವಾಸ, ನಾಲ್ಕನೆಯವಳಾಗಿ ಸ್ವತಃ ರಮಾಬಾಯಿ ಹೆಗಲು ಕೊಡಬೇಕಾಯಿತು. ಎತ್ತರ ಸಾಲದ ಕಾರಣ ಅವರು ಚಟ್ಟದ ತುದಿಯನ್ನು ತಲೆಯ ಮೇಲೆ ಹೊತ್ತು ನಡೆದರು. ಶಾಸ್ತ್ರಗಳು ಹೇಳಿದ್ದನ್ನೆಲ್ಲ ಚಾಚೂತಪ್ಪದೆ ಪಾಲಿಸಿದ ಮನೆಯವರಿಗೇ ಹೀಗಾಯಿತಲ್ಲ ಎಂಬ ಪ್ರಶ್ನೆ ಅವರ ಶ್ರದ್ಧೆಯಲ್ಲಿ ಬಿದ್ದ ಮೊದಲ ಬಿರುಕು.

ಕಲ್ಕತ್ತೆಯಲ್ಲಿ

1878ರಲ್ಲಿ ಅಣ್ಣ ತಂಗಿ ಕಲ್ಕತ್ತೆಯನ್ನು ಸೇರಿದರು. ಇಪ್ಪತ್ತು ವರ್ಷದ ಯುವತಿಯೊಬ್ಬಳ ಸಂಸ್ಕೃತ ಪಾಂಡಿತ್ಯ ಆ ನಗರವನ್ನು ಬೆರಗುಗೊಳಿಸಿತು. ವಿದ್ವಾಂಸರು ಅವರನ್ನು ಪರೀಕ್ಷಿಸಿ ‘ಪಂಡಿತಾ’ ಮತ್ತು ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತು ಗೌರವಿಸಿದರು.

ಅವರು ಕ್ರೈಸ್ತರ ಆರಾಧನೆಯನ್ನು ಮೊದಲು ನೋಡಿದ್ದು ಇಲ್ಲಿಯೇ. ಕೂಟವೊಂದಕ್ಕೆ ಆಮಂತ್ರಿತರಾಗಿ ಹೋದಾಗ, ಅಲ್ಲಿದ್ದವರು ತಾವು ಕುಳಿತಿದ್ದ ಕುರ್ಚಿಗಳ ಕಡೆಗೇ ತಿರುಗಿ ಮೊಣಕಾಲೂರಿ ಕಣ್ಣು ಮುಚ್ಚಿದರು. ವಿಗ್ರಹವಾಗಲಿ ಪೂಜಾದ್ರವ್ಯವಾಗಲಿ ಕಾಣದಿದ್ದುದರಿಂದ ಇವರು ಕುರ್ಚಿಗಳನ್ನೇ ಪೂಜಿಸುತ್ತಾರೆಂದು ಅಣ್ಣ ತಂಗಿ ಭಾವಿಸಿದರು. ಚಹಾ ಬಿಸ್ಕತ್ತು ಕೊಟ್ಟಾಗ ಮುಟ್ಟಲಿಲ್ಲ. ಬ್ರಾಹ್ಮಣರಾಗಿದ್ದವರು ಪರಮತದವರೊಡನೆ ಕುಳಿತು ತಿನ್ನುವುದನ್ನು ಕಂಡು, ಕಲಿಯುಗ ಪೂರ್ಣವಾಗಿ ಬಂದಿದೆ ಎಂದುಕೊಂಡರು. ಹೊರಡುವಾಗ ಸಂಸ್ಕೃತ ಬೈಬಲಿನ ಪ್ರತಿಯೊಂದು ಕೈಸೇರಿತು. ಅದರ ಭಾಷೆ ತಮಗೆ ಅಭ್ಯಾಸವಾಗಿದ್ದ ಸಂಸ್ಕೃತಕ್ಕಿಂತ ತೀರ ಬೇರೆಯಾಗಿದ್ದುದರಿಂದ ಓದು ಮುಂದೆ ಸಾಗಲಿಲ್ಲ.

ಆ ಕಾಲದಲ್ಲಿ ಅವರ ನಂಬಿಕೆಯನ್ನು ಅಲುಗಿಸಿದ್ದು ಬೈಬಲಲ್ಲ, ಧರ್ಮಶಾಸ್ತ್ರಗಳು. ಪರದೆಯ ಹಿಂದಿದ್ದ ಮಹಿಳೆಯರಿಗೆ ಶಾಸ್ತ್ರೋಕ್ತ ಸ್ತ್ರೀಧರ್ಮವನ್ನು ಕುರಿತು ಉಪನ್ಯಾಸ ಕೊಡಬೇಕೆಂದು ಬಂಗಾಳದ ಸುಧಾರಕರು ಕೇಳಿಕೊಂಡಾಗ ಅವರು ಆ ಗ್ರಂಥಗಳ ಅಧ್ಯಯನಕ್ಕೆ ತೊಡಗಿದರು. ನೂರು ವಿಷಯಗಳಲ್ಲಿ ಒಂದನ್ನೊಂದು ಒಪ್ಪದ ಗ್ರಂಥಗಳು, ಸ್ತ್ರೀಯರು ಸ್ವಭಾವತಃ ಕೆಟ್ಟವರು, ಪುರುಷರಂತೆ ಅವರಿಗೆ ಮೋಕ್ಷಾಧಿಕಾರವಿಲ್ಲ ಎಂಬ ಎರಡು ಸಂಗತಿಗಳಲ್ಲಿ ಮಾತ್ರ ಒಮ್ಮತದಿಂದಿವೆ ಎಂಬ ತೀರ್ಮಾನಕ್ಕೆ ಬಂದರು. ಬ್ರಾಹ್ಮಸಮಾಜದ ನಾಯಕ ಕೇಶವಚಂದ್ರ ಸೇನರು ವೇದವನ್ನು ಕೈಗಿತ್ತು ಓದಲು ಪ್ರೋತ್ಸಾಹಿಸಿದರು. ಉಪನಿಷತ್ತುಗಳನ್ನೂ ಓದಿದರು. ಅದರಿಂದ ವಿಗ್ರಹಾರಾಧನೆಯಲ್ಲಿನ ನಂಬಿಕೆ ಹೋಯಿತು, ಅದರ ಜಾಗದಲ್ಲಿ ಬೇರೊಂದು ನಂಬಿಕೆ ಕೂಡಲೇ ಬರಲಿಲ್ಲ.

1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ರಮಾಬಾಯಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ವಿವಾಹವಾದರು. ವರ ಬ್ರಾಹ್ಮಣರಲ್ಲದ ಕಾರಣ 1872ರ ಕಾಯಿದೆಯಂತೆ ನೋಂದಣಿ ವಿವಾಹವಾಯಿತು. ದಂಪತಿಗಳು ಅಸ್ಸಾಮಿನ ಸಿಲ್ಚಾರಿನಲ್ಲಿ ನೆಲೆಸಿದರು. ಗಂಡನ ಪುಸ್ತಕಗಳ ನಡುವೆ ಸಿಕ್ಕಿದ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯನ್ನು ಅವರು ಆಸಕ್ತಿಯಿಂದ ಓದಿದರು. ಐಸಾಕ್ ಅಲೆನ್ ಎಂಬ ಬ್ಯಾಪ್ಟಿಸ್ಟ್ ಮಿಷನರಿ ಮನೆಗೆ ಬಂದು ಆದಿಕಾಂಡದ ಸೃಷ್ಟಿಕಥೆಯನ್ನು ವಿವರಿಸುತ್ತಿದ್ದರು. ತಾವು ಕ್ರೈಸ್ತರಾಗುವ ಮಾತನ್ನು ರಮಾಬಾಯಿ ಎತ್ತಿದಾಗ, ಮಿಷನ್ ಶಾಲೆಯಲ್ಲೇ ಓದಿದ್ದ ಪತಿ ಅದಕ್ಕೆ ಸಮ್ಮತಿಸಲಿಲ್ಲ. ಮಾತು ಅಲ್ಲಿಗೇ ನಿಂತಿತು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿ ಕಾಲರಾದಿಂದ ತೀರಿಕೊಂಡರು. ಇಪ್ಪತ್ತಮೂರರ ವಯಸ್ಸಿನಲ್ಲಿ ರಮಾಬಾಯಿ ಕೈಗೂಸಿನ ತಾಯಿಯಾಗಿ, ವಿಧವೆಯಾಗಿ ಉಳಿದರು.

ಪುಣೆಯಿಂದ ವಾಂಟೇಜಿಗೆ

ಪುಣೆಗೆ ಬಂದ ರಮಾಬಾಯಿ 1882ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು, ಮರಾಠಿಯಲ್ಲಿ ‘ಸ್ತ್ರೀ ಧರ್ಮ ನೀತಿ’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಶಿಕ್ಷಣವನ್ನು ಕುರಿತ ಹಂಟರ್ ಆಯೋಗದ ಮುಂದೆ ಹಾಜರಾಗಿ, ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಸಾಕ್ಷ್ಯ ನುಡಿದರು. ಸ್ವತಃ ವೈದ್ಯಕೀಯ ಓದುವ ಬಯಕೆ ಇದರೊಂದಿಗೆ ಬಲಿಯಿತು. ಪುಣೆಯಲ್ಲಿದ್ದ ಆಂಗ್ಲಿಕನ್ ಸನ್ಯಾಸಿನಿಯರ ನೆರವಿನಿಂದ 1883ರಲ್ಲಿ ಅವರು ಇಂಗ್ಲೆಂಡಿನ ವಾಂಟೇಜ್ ಪಟ್ಟಣದ ಸಂತ ಮೇರಿ ಸನ್ಯಾಸಿನಿ ಮಠಕ್ಕೆ ಹೋದರು. ಭಾರತಕ್ಕೆ ಹೊರಡಲಿದ್ದ ಸನ್ಯಾಸಿನಿಯರಿಗೆ ಮರಾಠಿ ಕಲಿಸುವುದು, ಅದಕ್ಕೆ ಪ್ರತಿಯಾಗಿ ಊಟ ವಸತಿ ಪಡೆಯುವುದು ಎಂಬುದು ಒಪ್ಪಂದ. ಯಾರ ಹಂಗಿನಲ್ಲೂ ಇರಬಾರದೆಂಬುದು ಅವರ ಹಟವಾಗಿತ್ತು. ಕಿವಿಯ ತೊಂದರೆ ಹೆಚ್ಚುತ್ತ ಬಂದುದರಿಂದ ವೈದ್ಯೆಯಾಗುವ ಆಸೆ ಕೈಗೂಡಲಿಲ್ಲ.

ಜೊತೆಗೆ ಬಂದಿದ್ದ ಗೆಳತಿ ಆನಂದೀಬಾಯಿ ಭಗತ್ ವಾಂಟೇಜಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ತಮ್ಮನ್ನು ಬಲವಂತವಾಗಿ ಮತಾಂತರಿಸುತ್ತಾರೆಂಬ ಭೀತಿ ಅವರನ್ನು ಕಾಡುತ್ತಿತ್ತೆಂದು, ರಮಾಬಾಯಿಯವರನ್ನು ಬಲ್ಲವರಾಗಿದ್ದ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಬರೆದಿದ್ದಾರೆ. ಈ ಆಘಾತದ ಬೆನ್ನಲ್ಲೇ, 1883ರ ಸೆಪ್ಟೆಂಬರ್ 29ರಂದು, ರಮಾಬಾಯಿ ಎರಡು ವರ್ಷದ ಮಗಳೊಡನೆ ದೀಕ್ಷಾಸ್ನಾನ ಪಡೆದರು. ದುಃಖ ಮತ್ತು ಏಕಾಂಗಿತನದಲ್ಲಿ ಆದ ನಿರ್ಧಾರವಿದು ಎಂದು ಹೇಳಿದವರಿದ್ದಾರೆ. ರಮಾಬಾಯಿಯವರು ಕೊಟ್ಟ ಕಾರಣಗಳು ಬೇರೆ, ಮತ್ತು ಅವುಗಳನ್ನು ಪಕ್ಕಕ್ಕಿಡುವುದು ಸರಿಯಾಗದು.

ಅವರು ಮುಖ್ಯವಾಗಿ ಎರಡನ್ನು ಹೆಸರಿಸುತ್ತಾರೆ. ಮೊದಲನೆಯದು ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ಕಂಡದ್ದು. ಸಮಾಜ ‘ಕೆಟ್ಟವರು’ ಎಂದು ಹೊರಹಾಕಿದ ಹೆಂಗಸರನ್ನು ಸನ್ಯಾಸಿನಿಯರು ಅಲ್ಲಿ ಕರೆತಂದು ಸಾಕುತ್ತಿದ್ದರು. ದಾರಿ ತಪ್ಪಿದ ಹೆಂಗಸಿಗೆ ದಂಡನೆಯನ್ನಷ್ಟೇ ವಿಧಿಸುವ ಗ್ರಂಥಗಳನ್ನು ಓದಿ ಬಂದಿದ್ದ ರಮಾಬಾಯಿಗೆ ಇದು ಹೊಸದು. ಇವರ ಮೇಲೆ ಇಷ್ಟು ಅಕ್ಕರೆ ಏಕೆಂದು ಅವರು ಕೇಳಿದಾಗ ಸನ್ಯಾಸಿನಿಯೊಬ್ಬರು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ಓದಿ ಹೇಳಿದರು. ಬಾವಿಯ ಬಳಿ ಯೇಸು ಸಮಾರ್ಯದ ಸ್ತ್ರೀಯೊಡನೆ ಮಾತನಾಡುವ ಪ್ರಸಂಗವದು. ಎರಡನೆಯ ಕಾರಣ ಬೌದ್ಧಿಕವಾದದ್ದು. ಚಿತ್ಪಾವನ ಬ್ರಾಹ್ಮಣರೂ ಷಡ್ದರ್ಶನಗಳಲ್ಲಿ ಪಾರಂಗತರೂ ಆಗಿದ್ದು 1848ರಲ್ಲಿ ಕ್ರೈಸ್ತರಾದ ನೆಹೆಮಿಯಾ ನೀಲಕಂಠ ಗೋರೆಯವರು ಬರೆದ ಪತ್ರಗಳು ಅವರ ತಾತ್ವಿಕ ಸಂದೇಹಗಳನ್ನು ಬಹುಮಟ್ಟಿಗೆ ನಿವಾರಿಸಿದವು. ಸಂಸ್ಕೃತ ಶಾಸ್ತ್ರಗಳ ಪರಿಭಾಷೆಯಲ್ಲೇ ಉತ್ತರಿಸಬಲ್ಲವರು ಇಂಗ್ಲೆಂಡಿನಲ್ಲಿ ಯಾರೂ ಇರಲಿಲ್ಲವೆಂಬುದನ್ನು ನೆನೆದರೆ ಗೋರೆಯವರ ಪಾತ್ರದ ಮಹತ್ವ ತಿಳಿಯುತ್ತದೆ.

ಚರ್ಚಿನೊಡನೆ ವಾದ

ದೀಕ್ಷಾಸ್ನಾನದ ಅನಂತರ ರಮಾಬಾಯಿ ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿಗೆ ಸೇರಿ, ಅಲ್ಲಿ ಓದುತ್ತ ಸಂಸ್ಕೃತವನ್ನೂ ಕಲಿಸಿದರು. ವಾಂಟೇಜಿನಲ್ಲಿ ಅವರ ಆಧ್ಯಾತ್ಮಿಕ ಮಾರ್ಗದರ್ಶನದ ಹೊಣೆ ಸಹೋದರಿ ಜೆರಾಲ್ಡಿನ್ ಅವರದಾಗಿತ್ತು. ಇಬ್ಬರ ನಡುವೆ ನಡೆದ ಪತ್ರವ್ಯವಹಾರವನ್ನು ಜೆರಾಲ್ಡಿನ್ ಅವರೇ ಸಂಗ್ರಹಿಸಿಟ್ಟರು. 1977ರಲ್ಲಿ ಎ. ಬಿ. ಶಾ ಅವರ ಸಂಪಾದಕತ್ವದಲ್ಲಿ ಅದು ಮುದ್ರಣವಾಯಿತು. ಮತಾಂತರಗೊಂಡ ವ್ಯಕ್ತಿ ಹೊಸ ಮತದೊಳಗೆ ಹೇಗೆ ಬೆಳೆಯುತ್ತಾನೆ, ಯಾವ ಕಡೆ ಎಡವುತ್ತಾನೆ, ಯಾವುದನ್ನು ಬಿಡಲು ಒಪ್ಪುವುದಿಲ್ಲ ಎಂಬುದನ್ನು ತಿಳಿಯಲು ಇಷ್ಟು ಪ್ರಾಂಜಲವಾದ ಆಕರ ಆ ಕಾಲದ ಭಾರತಕ್ಕೆ ಸಂಬಂಧಿಸಿದಂತೆ ಅಪರೂಪ.

ವಾದದ ಕೇಂದ್ರದಲ್ಲಿದ್ದದ್ದು ತ್ರಯೇಕತ್ವ ಮತ್ತು ಕ್ರಿಸ್ತನ ದೈವತ್ವದ ಸಿದ್ಧಾಂತಗಳು. ದೇವರು ಒಬ್ಬನೇ ಎಂಬ ನಿಲುವಿಗೆ ಬಹಳ ಕಷ್ಟಪಟ್ಟು ಬಂದಿದ್ದ ರಮಾಬಾಯಿಗೆ, ತ್ರಯೇಕತ್ವವನ್ನು ಬೈಬಲಿನ ಆಧಾರವಿಲ್ಲದೆ ಕೇವಲ ಚರ್ಚಿನ ಮಾತಿನ ಮೇಲೆ ಒಪ್ಪಿಕೊಳ್ಳುವುದು ಸಾಧ್ಯವಾಗಲಿಲ್ಲ. ಅಥನೇಸಿಯಸನ ವಿಶ್ವಾಸ ಪ್ರಮಾಣವನ್ನು ಅವರು ಒಪ್ಪಲಿಲ್ಲ. ಕನ್ಯೆಯಲ್ಲಿ ಕ್ರಿಸ್ತನ ಜನನದ ಬಗೆಗೂ ಪ್ರಶ್ನೆಗಳಿದ್ದವು. ತಾವು ದೀಕ್ಷಾಸ್ನಾನ ಪಡೆದದ್ದು ಕ್ರಿಸ್ತನ ಸಭೆಗೆ, ಅದರ ಯಾವುದೋ ಒಂದು ಪಂಗಡಕ್ಕಲ್ಲ ಎಂಬುದು ಅವರ ಉತ್ತರ. ಭಾರತದ ಪುರೋಹಿತವರ್ಗದ ನೊಗದಿಂದ ಬಹು ಪ್ರಯಾಸದಿಂದ ಬಿಡಿಸಿಕೊಂಡು ಬಂದಿರುವಾಗ ಅಂಥದೇ ಇನ್ನೊಂದು ನೊಗಕ್ಕೆ ಕೊರಳೊಡ್ಡಲಾರೆ ಎಂಬರ್ಥದಲ್ಲಿ 1885ರಲ್ಲಿ ಬರೆದರು. ಜೆರಾಲ್ಡಿನ್ ಅವರಿಗೆ ಇದು ಅಹಂಕಾರವಾಗಿ ಕಂಡಿತು. ಆಕೆಯನ್ನು ಕೇವಲ ಹಟಮಾರಿ ಗುರುವೆಂದು ಚಿತ್ರಿಸುವುದು ಮಾತ್ರ ನ್ಯಾಯವಲ್ಲ. ಶಿಷ್ಯೆಯ ಆತ್ಮದ ಬಗೆಗಿನ ಆಕೆಯ ಆತಂಕ ಪತ್ರಗಳಲ್ಲಿ ನಿಜವಾಗಿಯೇ ಕಾಣುತ್ತದೆ.

ಸಿದ್ಧಾಂತದ ಜೊತೆಗೆ ದಿನನಿತ್ಯದ ಸಂಗತಿಗಳೂ ಸೇರಿಕೊಂಡವು. ರಮಾಬಾಯಿ ಮಾಂಸವನ್ನು ಮುಟ್ಟಲಿಲ್ಲ, ಮೊಟ್ಟೆ ಹಾಕಿದ ಸಿಹಿತಿನಿಸನ್ನೂ ನಿರಾಕರಿಸಿದರು. ಜೆರಾಲ್ಡಿನ್ ಇದನ್ನು ಬಿಡದೆ ಉಳಿದ ಜಾತಿಯ ಅಭಿಮಾನವೆಂದು ಎಣಿಸಿದರು. ಅಂತಃಸಾಕ್ಷಿಗೆ ವಿರುದ್ಧವಲ್ಲದ ಹಿರಿಯರ ಆಚಾರಗಳನ್ನು ತಾವು ಉಳಿಸಿಕೊಳ್ಳುವುದಾಗಿಯೂ, ಆ ಅರ್ಥದಲ್ಲಿ ಹಿಂದೂ ಎನಿಸಿಕೊಳ್ಳುವುದು ಇಷ್ಟವೆಂದೂ ರಮಾಬಾಯಿ ತಿಳಿಸಿದರು. ಧರಿಸಬೇಕೆಂದು ಕೊಟ್ಟ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳಿದ್ದುದಕ್ಕೂ ಆಕ್ಷೇಪಿಸಿದರು. ಭಾರತದ ಜನಸಾಮಾನ್ಯರಿಗಾಗಲಿ ತಮಗಾಗಲಿ ತಿಳಿಯದ ಲ್ಯಾಟಿನ್ನಿನಲ್ಲಿ ಸಂಸ್ಕೃತಕ್ಕಿಲ್ಲದ ಪಾವಿತ್ರ್ಯವೇನಿದೆ ಎಂಬುದು ಅವರ ಪ್ರಶ್ನೆ. ಅವರು ಪುರುಷ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಪ್ರಸ್ತಾಪ ಬಂದಾಗ, ಭಾರತದಲ್ಲಿ ಅದು ತಪ್ಪಾಗಿ ಕಾಣುತ್ತದೆಂದು ಬಿಷಪ್ಪರು ತಡೆದರು. ತವರಿನಲ್ಲೇ ಗಂಡಸರಿಂದ ತುಂಬಿದ ಸಭೆಗಳಲ್ಲಿ ಮಾತನಾಡಿ ಬಂದಿದ್ದ ಪಂಡಿತೆಗೆ ಇದು ವಿಚಿತ್ರವೆನಿಸಿತು.

ಭಾರತದ ಪ್ರತಿಕ್ರಿಯೆ

ಮತಾಂತರದ ಸುದ್ದಿ ಮಹಾರಾಷ್ಟ್ರದಲ್ಲಿ ಬಿರುಗಾಳಿಯೆಬ್ಬಿಸಿತು. ಶಾಸ್ತ್ರಜ್ಞಾನಕ್ಕೆ ಹೆಮ್ಮೆಯ ಸಂಕೇತವಾಗಿದ್ದ ಹೆಣ್ಣುಮಗಳೇ ಆ ಶಾಸ್ತ್ರಗಳನ್ನು ಬಿಟ್ಟು ಹೋದದ್ದು ಸಂಪ್ರದಾಯಸ್ಥರಿಗೂ ಅನೇಕ ಸುಧಾರಕರಿಗೂ ಅವಮಾನವೆನಿಸಿತು. ಬೆಂಬಲಿಸಿದವರಲ್ಲಿ ಪ್ರಮುಖರು ಜೋತಿರಾವ್ ಫುಲೆ. 1885ರಲ್ಲಿ ಹೊರಬಂದ ‘ಸತ್ಸಾರ’ದಲ್ಲಿ ಅವರು ರಮಾಬಾಯಿಯವರ ಪರವಾಗಿ ಬರೆದರು.

ಮೇಲ್ಜಾತಿಯವರ ಮತಾಂತರ ಆಗ ಹೊಸದೇನೂ ಆಗಿರಲಿಲ್ಲ. ಮಂಗಳೂರಿನಲ್ಲಿ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯರು 1844ರಲ್ಲಿ ಬಾಸೆಲ್ ಮಿಷನ್ನಿನಲ್ಲಿ ದೀಕ್ಷಾಸ್ನಾನ ಪಡೆದು, ಮುಂದೆ ಹರ್ಮನ್ ಆನಂದರಾವ್ ಕೌಂಡಿನ್ಯರೆಂಬ ಪಾದ್ರಿಯಾಗಿದ್ದರು. ಬೆಳಗಾವಿಯಲ್ಲಿ ಹುಟ್ಟಿದ ಬಾಬಾ ಪದಮನಜಿ 1854ರಲ್ಲಿ ಕ್ರೈಸ್ತರಾಗಿ, ವಿಧವೆಯರ ಸಂಕಟವನ್ನು ಕುರಿತ ‘ಯಮುನಾ ಪರ್ಯಟನ’ ಎಂಬ ಮರಾಠಿ ಕಾದಂಬರಿಯನ್ನು ಬರೆದಿದ್ದರು. ಇವರೆಲ್ಲ ಪುರುಷರು. ಹೆಂಡತಿ ಗಂಡನ ಹಿಂದೆ ಮತಾಂತರವಾಗುವುದನ್ನು ಕಂಡಿದ್ದ ಸಮಾಜಕ್ಕೆ, ವಿಧವೆಯೊಬ್ಬಳು ಯಾರ ಹಿಂದೆಯೂ ಹೋಗದೆ ಸ್ವಂತ ವಿಚಾರದಿಂದ ಮತ ಬದಲಿಸಿದ್ದು ಅರಗಲಿಲ್ಲ.

ಶಾರದಾ ಸದನದ ವಿವಾದ

ಅಮೆರಿಕದಲ್ಲಿ ವೈದ್ಯೆಯಾದ ಆನಂದೀಬಾಯಿ ಜೋಶಿಯವರ ಪದವಿ ಪ್ರದಾನಕ್ಕಾಗಿ 1886ರಲ್ಲಿ ಫಿಲಡೆಲ್ಫಿಯಾಗೆ ಹೋದ ರಮಾಬಾಯಿ ಅಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಉಳಿದರು. 1887ರಲ್ಲಿ ಉಚ್ಚ ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಪುಸ್ತಕ ವ್ಯಾಪಕವಾಗಿ ಮಾರಾಟವಾಯಿತು. ಬಾಸ್ಟನ್‌ನಲ್ಲಿ ಸ್ಥಾಪಿತವಾದ ರಮಾಬಾಯಿ ಸಂಘವು, ವಿಧವೆಯರಿಗಾಗಿ ಮತಬೋಧೆಯಿಲ್ಲದ ಶಾಲೆಯೊಂದನ್ನು ಹತ್ತು ವರ್ಷ ನಡೆಸಲು ನೆರವು ಕೊಡಲು ಒಪ್ಪಿತು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಮರುವರ್ಷ ಪುಣೆಗೆ ಸ್ಥಳಾಂತರಗೊಂಡಿತು. ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಂಡಾರಕರ್ ಅವರಂಥವರು ಸಲಹಾ ಸಮಿತಿಯಲ್ಲಿದ್ದರು. ಬ್ರಾಹ್ಮಣ ವಿಧವೆಯರು ತಮ್ಮ ಆಚಾರದಂತೆ ಅಡುಗೆ, ಊಟ, ಪೂಜೆಗಳನ್ನು ನಡೆಸಿಕೊಳ್ಳಲು ಅವಕಾಶವಿತ್ತು. ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮರುವಿವಾಹವಾದರು. ಮುಂದೆ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದ ಕರ್ವೆ ಇವರೇ.

ಬಿಕ್ಕಟ್ಟು ಬಂದದ್ದು ಒಂದು ಬಾಗಿಲಿನಿಂದ. ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳೊಡನೆ ದಿನವೂ ಪ್ರಾರ್ಥನೆ ಮಾಡುತ್ತಿದ್ದರು, ಬಾಗಿಲು ತೆರೆದೇ ಇರುತ್ತಿತ್ತು. ಕೆಲವು ಹುಡುಗಿಯರು ತಾವಾಗಿ ಬಂದು ಕುಳಿತುಕೊಳ್ಳತೊಡಗಿದರು. ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಅಟ್ಟುವುದೂ ಇಲ್ಲ ಎಂಬುದು ರಮಾಬಾಯಿಯವರ ನಿಲುವು. ತಾಯಿಯಂತೆ ಪ್ರೀತಿಸುವವಳ ತೆರೆದ ಬಾಗಿಲೇ ಒಂದು ಆಹ್ವಾನವಲ್ಲವೇ ಎಂಬುದು ಟೀಕಾಕಾರರ ವಾದ. ಬಾಲ ಗಂಗಾಧರ ತಿಲಕರ ‘ಕೇಸರಿ’ ಪತ್ರಿಕೆ ಸದನವನ್ನು ಕಟುವಾಗಿ ಖಂಡಿಸಿತು. 1893ರಲ್ಲಿ ರಾನಡೆ, ಭಂಡಾರಕರ್ ಮುಂತಾದವರು ಸಮಿತಿಯಿಂದ ಹೊರಬಂದರು, ಹಲವು ಪೋಷಕರು ಮಕ್ಕಳನ್ನು ಕರೆದೊಯ್ದರು. ಅನಂತರ 1895ರಲ್ಲಿ ಸದನದ ಹನ್ನೆರಡು ಮಂದಿ ದೀಕ್ಷಾಸ್ನಾನ ಪಡೆದಾಗ ಟೀಕಾಕಾರರು ತಮ್ಮ ಶಂಕೆ ನಿಜವಾಯಿತೆಂದರು. ಎರಡೂ ಕಡೆಯ ಮಾತಿನಲ್ಲಿ ತೂಕವಿದೆ. ಮನೆಯವರಿಗೆ ಬೇಡವಾಗಿದ್ದ ವಿಧವೆಯರಿಗೆ ಆಸರೆ ಕೊಟ್ಟವರು ಅವರು. ಅದೇ ಕಾರಣದಿಂದ ಆ ಹುಡುಗಿಯರ ಮೇಲೆ ಅವರಿಗಿದ್ದ ಪ್ರಭಾವ ಸಾಮಾನ್ಯ ಶಾಲೆಯೊಂದರ ಅಧ್ಯಾಪಕಿಯದಲ್ಲ. ಇದೇ ಕಾಲದಲ್ಲಿ ಅಮೆರಿಕದಲ್ಲಿದ್ದ ಸ್ವಾಮಿ ವಿವೇಕಾನಂದರಿಗೂ ಬ್ರೂಕ್ಲಿನ್‌ನ ರಮಾಬಾಯಿ ಬೆಂಬಲಿಗರಿಗೂ ಹಿಂದೂ ವಿಧವೆಯರ ಸ್ಥಿತಿಯ ಬಗ್ಗೆ ಬಹಿರಂಗ ಚರ್ಚೆ ನಡೆಯಿತು.

1891ರ ತಿರುವು

ಹೊರಗೆ ಈ ವಿವಾದ ಬೆಳೆಯುತ್ತಿದ್ದಾಗ ರಮಾಬಾಯಿಯವರ ಒಳಗೆ ಇನ್ನೊಂದು ಬದಲಾವಣೆ ಆಗುತ್ತಿತ್ತು. 1907ರಲ್ಲಿ ಪ್ರಕಟವಾದ ಸಾಕ್ಷ್ಯಕಥನದಲ್ಲಿ ಅವರು ಇದನ್ನು ದೀಕ್ಷಾಸ್ನಾನಕ್ಕಿಂತ ಮಹತ್ವದ್ದೆಂದು ವಿವರಿಸುತ್ತಾರೆ. ಅವರ ಪ್ರಕಾರ, ಇಂಗ್ಲೆಂಡಿನಲ್ಲಿ ತಮ್ಮ ಬುದ್ಧಿ ಕ್ರೈಸ್ತ ಮತವನ್ನು ಒಪ್ಪಿತ್ತು, ಅದರ ನೀತಿಯನ್ನು ಮೆಚ್ಚಿತ್ತು. ತಮಗೆ ದೊರೆತದ್ದು ಮತ ಮಾತ್ರ, ಆ ಮತದ ಜೀವವಾದ ಕ್ರಿಸ್ತನಲ್ಲ ಎಂಬುದು ಎಂಟು ವರ್ಷಗಳ ಬಳಿಕ ಅರಿವಾಯಿತು. ಈ ಅರಿವಿಗೆ ನೆರವಾದದ್ದು ವಿಲಿಯಂ ಹ್ಯಾಸ್ಲಂ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆ. ಹ್ಯಾಸ್ಲಂ ದೀಕ್ಷೆ ಪಡೆದ ಪಾದ್ರಿಯಾಗಿ ಹಲವು ವರ್ಷ ಸೇವೆ ಸಲ್ಲಿಸಿದ ಮೇಲೆ, ತಾನೇ ಉಪದೇಶ ಮಾಡುತ್ತಿರುವಾಗ ಪರಿವರ್ತನೆಗೊಂಡವರು. ಚರ್ಚಿನ ಒಳಗಿದ್ದೂ ಹೊರಗಿರಲು ಸಾಧ್ಯ ಎಂಬ ಆ ಕಥೆ ತಮಗೇ ಅನ್ವಯಿಸುತ್ತದೆಂದು ರಮಾಬಾಯಿಗೆ ಅನಿಸಿತು.

ಅಲ್ಲಿಯವರೆಗೆ ಮತಾಂತರದ ಪ್ರಶ್ನೆ ಅವರಿಗೆ ಯಾವ ಸಿದ್ಧಾಂತ ಸರಿ ಎಂಬುದಾಗಿತ್ತು. ಇಲ್ಲಿಂದ ಮುಂದೆ ಅದು ಪಾಪ, ಕ್ಷಮೆ ಮತ್ತು ಭರವಸೆಯ ವೈಯಕ್ತಿಕ ಪ್ರಶ್ನೆಯಾಯಿತು. ತಾವು ಪುಣ್ಯಕ್ಕಾಗಿ ಬಾಲ್ಯದಲ್ಲಿ ಮಾಡಿದ ಉಪವಾಸ, ತೀರ್ಥಸ್ನಾನಗಳನ್ನು ನೆನೆದು, ಅರ್ಹತೆಯನ್ನು ಕೇಳದೆ ದೊರೆಯುವ ರಕ್ಷಣೆ ಎಂಬ ಕಲ್ಪನೆಯನ್ನು ಅವರು ಅತಿ ದೊಡ್ಡ ಬಿಡುಗಡೆಯಾಗಿ ಕಂಡರು. ವಾಂಟೇಜಿನ ಸನ್ಯಾಸಿನಿಯರು ಬಯಸಿದ್ದ ಉಚ್ಚ ಆಂಗ್ಲಿಕನ್ ಶ್ರದ್ಧೆಯೂ ಇದಲ್ಲ ಎಂಬುದು ಗಮನಾರ್ಹ. ಅವರು ಯಾವುದೇ ಪಂಗಡಕ್ಕೆ ಅಂಟಿಕೊಳ್ಳದೆ ಸ್ವತಂತ್ರವಾಗಿಯೇ ಉಳಿದರು.

ಮುಕ್ತಿ

ಪುಣೆಯ ಹತ್ತಿರದ ಕೇಡಗಾಂವದಲ್ಲಿ ರಮಾಬಾಯಿ ಜಮೀನು ಕೊಂಡು ಹಣ್ಣಿನ ತೋಟ ಹಾಕಿಸಿದ್ದರು. 1896–97ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಂದಾಗ ಅಲ್ಲಿಗೆ ಹೋಗಿ ಸುಮಾರು 300 ಮಂದಿ ಹುಡುಗಿಯರನ್ನೂ ಹೆಂಗಸರನ್ನೂ ಕರೆತಂದರು. ತಾವೇ ಹಸಿವಿನಿಂದ ಕಂಗಾಲಾಗಿ ಅಲೆದ ದಿನಗಳನ್ನು ಈ ಸಂದರ್ಭದಲ್ಲಿ ಅವರು ನೆನೆದಿದ್ದಾರೆ. ಪುಣೆಯಲ್ಲಿ ಪ್ಲೇಗು ಹರಡಿದ್ದರಿಂದ ಹೊಸಬರನ್ನು ನಗರದಲ್ಲಿ ಇರಿಸಿಕೊಳ್ಳಲು ಅಧಿಕಾರಿಗಳು ಬಿಡಲಿಲ್ಲ. ಹೀಗೆ ಕೇಡಗಾಂವದ ಹೊಲವೇ ‘ಮುಕ್ತಿ’ ಎಂಬ ವಸತಿಯಾಯಿತು. 1899–1900ರ ಗುಜರಾತಿನ ಬರದ ನಂತರ ಅಲ್ಲಿನ ಜನಸಂಖ್ಯೆ ಸುಮಾರು 2,000ಕ್ಕೆ ಏರಿತು. ಬಾಸ್ಟನ್ನಿನ ಸಂಘದ ಹತ್ತು ವರ್ಷಗಳ ಒಪ್ಪಂದ ಮುಗಿದಿದ್ದುದರಿಂದ ಮುಕ್ತಿಯನ್ನು ಅವರು ಬಹಿರಂಗವಾಗಿ ಕ್ರೈಸ್ತ ಸಂಸ್ಥೆಯಾಗಿಯೇ ನಡೆಸಿದರು. ಬೇಸಾಯ, ಹೈನು, ನೇಯ್ಗೆ, ಎಣ್ಣೆಗಾಣ, ಮುದ್ರಣ ಮುಂತಾದ ಕೆಲಸಗಳನ್ನು ಹೆಂಗಸರೇ ಕಲಿತು ನಡೆಸಿದರು. ಶೋಷಣೆಗೆ ಒಳಗಾದವರಿಗೆ ಕೃಪಾ ಸದನವಿತ್ತು. ಫುಲ್‌ಹ್ಯಾಮ್‌ನಲ್ಲಿ ಕಂಡದ್ದರ ನೆನಪು ಅದರ ಹಿಂದೆ ಸ್ಪಷ್ಟವಾಗಿದೆ. ಕುರುಡರಿಗೆ ಮನೋರಮಾ ಬ್ರೈಲ್ ಲಿಪಿಯನ್ನು ಕಲಿಸಿದರು.

1904ರಲ್ಲಿ ವೇಲ್ಸ್ ನಾಡಿನಲ್ಲಿ ಆರಂಭವಾದ ಧಾರ್ಮಿಕ ಉಜ್ಜೀವನದ ಸುದ್ದಿ ಕೇಳಿ ಮುಕ್ತಿಯಲ್ಲೂ ಪ್ರಾರ್ಥನಾ ಗುಂಪುಗಳು ಸೇರತೊಡಗಿದವು. 1905ರ ಜೂನ್ ಕೊನೆಯಲ್ಲಿ ಹುಡುಗಿಯರ ನಡುವೆ ಅಳು, ಪಾಪನಿವೇದನೆ, ಗಟ್ಟಿ ದನಿಯ ಸಾಮೂಹಿಕ ಪ್ರಾರ್ಥನೆಗಳು ಆರಂಭವಾಗಿ ಬಹುಕಾಲ ಮುಂದುವರಿದವು. ಮುಂದೆ ಅನ್ಯಭಾಷೆಗಳಲ್ಲಿ ಮಾತನಾಡುವ ಅನುಭವಗಳೂ ವರದಿಯಾದವು. ಪಾಶ್ಚಾತ್ಯ ಮಿಷನರಿಗಳಲ್ಲಿ ಕೆಲವರು ಇದನ್ನು ಉನ್ಮಾದವೆಂದು ಟೀಕಿಸಿದರು. ಭಾರತೀಯರು ತಮ್ಮ ಭಾವನೆಯನ್ನು ತಮ್ಮದೇ ರೀತಿಯಲ್ಲಿ ದೇವರ ಮುಂದಿಡಲು ಬಿಡಬೇಕೆಂದು ರಮಾಬಾಯಿ ಉತ್ತರಿಸಿದರು. ಸಂಸ್ಕೃತ ಮತ್ತು ಲ್ಯಾಟಿನ್ ಬಗ್ಗೆ ವಾಂಟೇಜಿನಲ್ಲಿ ಎತ್ತಿದ ಪ್ರಶ್ನೆಯ ಮುಂದುವರಿಕೆಯೇ ಇದು. ಮುಕ್ತಿಯಲ್ಲಿದ್ದ ಅಮೆರಿಕನ್ ಸಹಕಾರಿ ಮಿನ್ನಿ ಏಬ್ರಮ್ಸ್ ಈ ಬಗ್ಗೆ ಬರೆದ ಪುಸ್ತಕ ಚಿಲಿ ದೇಶದ ಮಿಷನರಿ ದಂಪತಿಗಳಾದ ಹೂವರ್ ಅವರನ್ನು ತಲುಪಿ, ಅಲ್ಲಿನ ಪೆಂಟೆಕೋಸ್ತಲ್ ಚಳವಳಿಗೆ ಪ್ರೇರಣೆಯಾಯಿತು. ಪೆಂಟೆಕೋಸ್ತಲ್ ಪಂಥದ ಇತಿಹಾಸವನ್ನು ಅಮೆರಿಕದಿಂದ ಮಾತ್ರ ಆರಂಭಿಸುವುದು ಸರಿಯಲ್ಲವೆನ್ನುವ ಇತಿಹಾಸಕಾರರು ಕೇಡಗಾಂವದ ಉದಾಹರಣೆಯನ್ನು ಕೊಡುತ್ತಾರೆ.

ಬೈಬಲ್ ಭಾಷಾಂತರ

ಜೀವನದ ಕೊನೆಯ ಹದಿನೈದಕ್ಕೂ ಹೆಚ್ಚು ವರ್ಷಗಳನ್ನು ರಮಾಬಾಯಿ ಬೈಬಲನ್ನು ಮರಾಠಿಗೆ ತರಲು ಮೀಸಲಿಟ್ಟರು. ಆಗ ಬಳಕೆಯಲ್ಲಿದ್ದ ಭಾಷಾಂತರ ಸಂಸ್ಕೃತಮಯವಾಗಿದ್ದು ಹಳ್ಳಿಯ ಹೆಂಗಸರಿಗೆ ಅರ್ಥವಾಗದೆಂದೂ, ಅದರ ಅನೇಕ ಪದಗಳು ಹಿಂದೂ ದರ್ಶನಗಳ ಅರ್ಥವನ್ನು ಹೊತ್ತು ಬರುತ್ತವೆಂದೂ ಅವರು ಭಾವಿಸಿದರು. ಅದಕ್ಕಾಗಿ ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತರು. ಸಂಸ್ಕೃತ ಪಾಂಡಿತ್ಯದಿಂದಲೇ ಹೆಸರಾದವರು ಸಂಸ್ಕೃತವನ್ನು ಬೇಕೆಂದೇ ಬದಿಗಿಟ್ಟು ಆಡುಮಾತಿನ ಮರಾಠಿಯನ್ನು ಆರಿಸಿಕೊಂಡರು. ಅಕ್ಷರ ಜೋಡಿಸಿ ಮುದ್ರಿಸಿದವರೂ ಮುಕ್ತಿಯ ಹೆಂಗಸರೇ.

1921ರ ಜುಲೈನಲ್ಲಿ ಮಗಳು ಮನೋರಮಾ ತೀರಿಕೊಂಡರು. ರಮಾಬಾಯಿ ಕರಡಚ್ಚುಗಳನ್ನು ತಿದ್ದುವ ಕೆಲಸವನ್ನು ನಿಲ್ಲಿಸಲಿಲ್ಲ. ಅದನ್ನು ಮುಗಿಸಿದ ಕೆಲವೇ ಸಮಯದಲ್ಲಿ, 1922ರ ಏಪ್ರಿಲ್ 5ರಂದು ಕೇಡಗಾಂವದಲ್ಲಿ ನಿಧನರಾದರು. ಸಮಗ್ರ ಬೈಬಲ್ 1924ರಲ್ಲಿ ಹೊರಬಂದಿತು.

ಸ್ಮರಣೆ

ರಮಾಬಾಯಿಯವರನ್ನು ನೆನೆಯುವ ರೀತಿಯಲ್ಲಿ ಒಂದು ಒಡಕಿದೆ. ಸಮಾಜ ಸುಧಾರಣೆಯ ಚರಿತ್ರೆಗಳು 1893ರವರೆಗಿನ ಬದುಕನ್ನು ವಿವರಿಸಿ, ಮುಕ್ತಿಯ ವರ್ಷಗಳನ್ನು ಒಂದೆರಡು ಸಾಲುಗಳಲ್ಲಿ ಮುಗಿಸುವುದು ರೂಢಿ. ಮಿಷನರಿ ಜೀವನಚರಿತ್ರೆಗಳು ಮುಕ್ತಿಯನ್ನು ಹೊಗಳಿ, ವಾಂಟೇಜಿನ ವಾದಗಳನ್ನು ಮೆಲ್ಲನೆ ದಾಟುತ್ತವೆ. ಮೀರಾ ಕೋಸಂಬಿಯವರ ಅನುವಾದ ಮತ್ತು ಅಧ್ಯಯನಗಳು ಈ ಎರಡು ಚಿತ್ರಗಳನ್ನು ಒಟ್ಟಿಗೆ ನೋಡಲು ಅನುವು ಮಾಡಿಕೊಟ್ಟಿವೆ. ಭಾರತ ಸರ್ಕಾರ 1989ರಲ್ಲಿ ಅವರ ಹೆಸರಿನಲ್ಲಿ ಅಂಚೆಚೀಟಿ ಹೊರಡಿಸಿತು. ಅವರ ಬದುಕಿನ ಮಟ್ಟಿಗೆ ದೂರದಲ್ಲೇ ಉಳಿದ ಇಂಗ್ಲೆಂಡಿನ ಆಂಗ್ಲಿಕನ್ ಸಭೆ ಇಂದು ಪ್ರತಿ ವರ್ಷ ಏಪ್ರಿಲ್ 30ರಂದು ಅವರನ್ನು ಸ್ಮರಿಸುತ್ತದೆ.

ಅವರು ಹುಟ್ಟಿದ ನಾಡಿನೊಡನೆ ನಂಟು ಪೂರ್ತಿ ಕಡಿದುಹೋಗಲಿಲ್ಲ. 1912ರಲ್ಲಿ, ಆಗ ನಿಜಾಮರ ಆಡಳಿತದಲ್ಲಿದ್ದ ಗುಲಬರ್ಗಾದಲ್ಲಿ (ಇಂದಿನ ಕಲಬುರಗಿ), ಅವರು ಕ್ರೈಸ್ತ ಪ್ರೌಢಶಾಲೆಯೊಂದನ್ನು ಸ್ಥಾಪಿಸಿದರು. ಅದರ ಮುಖ್ಯಸ್ಥೆಯಾಗಿ ಕೆಲಸ ಮಾಡಿದವರು ಮನೋರಮಾ.